ತಣ್ಣಗಿರುವ ಇಂಜಿನ್‌ಗೆ ಕಿವಿ ಕೊಡಿ: ಹಳೆ ಪೆಟ್ರೋಲ್ ಪಿಕಪ್‌ಗಳ ಬಗ್ಗೆ ಟಿಪ್ಪಣಿ

ನಮ್ಮೂರ ಕಡೆ ಪಿಕಪ್ ಅಂದರೆ ತರಕಾರಿ ಮೂಟೆ ಹೊತ್ತ ಬೊಲೆರೊ, ಅದೂ ಡೀಸೆಲ್. ಅಮೆರಿಕದಲ್ಲಿ ಲೆಕ್ಕ ಬೇರೆ. ಇಲ್ಲಿ ಮನೆ ಮುಂದೆ ನಿಂತಿರುವ ಪಿಕಪ್‌ಗಳಲ್ಲಿ ಹೆಚ್ಚಿನವು ಪೆಟ್ರೋಲ್‌ನವು. ಪೆಟ್ರೋಲ್‌ಗೆ ಇವರು ಗ್ಯಾಸ್ ಅನ್ನುತ್ತಾರೆ. ಬಂದ ಹೊಸದರಲ್ಲಿ ನಾನು ಅಡುಗೆಮನೆ ಸಿಲಿಂಡರ್ ನೆನಪಿಸಿಕೊಂಡು ಪೆಚ್ಚಾಗಿದ್ದೆ. ಈಗ ಸಂಜೆ ಹೊತ್ತು ಆಟೊ ರಿಪೇರಿ ಕ್ಲಾಸಿಗೆ ಹೋಗುತ್ತಿದ್ದೇನೆ. ಅಲ್ಲಿ ಗೀಚಿಕೊಂಡದ್ದನ್ನು ನನ್ನ ಹಾಗೆ ಕಲಿಯುತ್ತಿರುವವರಿಗಾಗಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವ ಕಂಪನಿಯದು ಒಳ್ಳೆಯದು?" ಇದನ್ನು ಕೇಳಿ ಪ್ರಯೋಜನವಿಲ್ಲ. 2005ರ ಫೋರ್ಡ್ ಎಫ್-150, 2012ರ ಎಫ್-150, ಎರಡಕ್ಕೂ ಹೆಸರು ಒಂದೇ. ಬಾನೆಟ್ ಎತ್ತಿದರೆ ಇದಕ್ಕೂ ಅದಕ್ಕೂ ನೆಂಟಸ್ತನವೇ ಇಲ್ಲ. ಕೇಳಬೇಕಾದ್ದು "ಯಾವ ಇಂಜಿನ್, ಯಾವ ವರ್ಷ?" ಮುಂದಿನ ಗಾಜಿನ ಕೆಳಗೆ, ಡ್ರೈವರ್ ಕಡೆ ಮೂಲೆಯಲ್ಲಿ 17 ಅಕ್ಷರಗಳ ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರ್ ಇರುತ್ತದೆ. ಫೋರ್ಡ್, ಜಿಎಂ (ಜನರಲ್ ಮೋಟಾರ್ಸ್), ರಾಮ್ ಕಂಪನಿಗಳ ಪಿಕಪ್‌ಗಳಲ್ಲಿ ಅದರ 8ನೇ ಅಕ್ಷರ ಇಂಜಿನ್ ಯಾವುದೆಂದು ಹೇಳುತ್ತದೆ, 10ನೇದು ಮಾಡೆಲ್ ವರ್ಷ. ಮಾರುವವನ ಮಾತಿಗಿಂತ ಈ ಎರಡು ಅಕ್ಷರ ನಂಬಿಕಸ್ಥ.

ಆಯಿಲ್‌ಗೆ ಎರಡು ಕೆಲಸ

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸಲೀಸು. ಹಳೆ ಕಾಲದ ಇಂಜಿನ್‌ನಲ್ಲಿ ಆಯಿಲ್ ಮುಖ್ಯವಾಗಿ ಸವೆತ ತಡೆಯುತ್ತಿತ್ತು, ಒಂದಿಷ್ಟು ಶಾಖ ಎಳೆದುಕೊಳ್ಳುತ್ತಿತ್ತು. ಕಳೆದ 20 ವರ್ಷಗಳ ಇಂಜಿನ್‌ಗಳಲ್ಲಿ ಅದಕ್ಕೆ ಇನ್ನೊಂದು ಕೆಲಸ ಅಂಟಿದೆ. ಜೆಸಿಬಿಯ ಕೈ ಆಯಿಲ್ ಪ್ರೆಶರ್‌ನಿಂದ ಮೇಲೇಳುತ್ತದಲ್ಲ, ಹಾಗೆಯೇ ಇಂಜಿನ್ ಒಳಗೂ ಸಣ್ಣ ಸಣ್ಣ ಭಾಗಗಳನ್ನು ಆಯಿಲ್ ಪ್ರೆಶರ್ ಸರಿಸುತ್ತದೆ. ಕ್ಯಾಮ್ ಫೇಸರ್ ಅನ್ನುವ ಭಾಗ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುತ್ತದೆ. ವಾಲ್ವ್ ಎತ್ತುವ ಲಿಫ್ಟರ್‌ಗಳಲ್ಲಿ ಕೆಲವು ಸಿಲಿಂಡರ್ ಒಂದನ್ನು ಸ್ವಲ್ಪ ಹೊತ್ತು ಮಲಗಿಸಿ ಪೆಟ್ರೋಲ್ ಉಳಿಸುತ್ತವೆ. ಇವಕ್ಕೆ ಹೋಗುವ ದಾರಿಗಳು ತೀರಾ ಕಿರಿದು. ಆಯಿಲ್ ಕೊಳೆಯಾದರೆ ದಾರಿ ಕಟ್ಟುತ್ತದೆ. ಮಟ್ಟ ಇಳಿದರೆ ಪ್ರೆಶರ್ ಇಳಿಯುತ್ತದೆ. ಮುಂದೆ ಹೇಳುವ ಕಾಯಿಲೆಗಳಲ್ಲಿ ಎಲ್ಲವೂ ಅಲ್ಲದಿದ್ದರೂ ಮುಕ್ಕಾಲು ಪಾಲು ಈ ಕಿರಿದಾದ ದಾರಿಯಲ್ಲೇ ಶುರುವಾಗುತ್ತವೆ ಅನ್ನುವುದು ನನ್ನ ಲೆಕ್ಕ.

ಫೋರ್ಡ್ 5.4: ಹಾರುವ ಪ್ಲಗ್, ಬಾರದ ಪ್ಲಗ್

5.4 ಅಂದರೆ ಇಂಜಿನ್‌ನ ಗಾತ್ರ, ಲೀಟರ್ ಲೆಕ್ಕದಲ್ಲಿ. ಇದು ಪಾಠಕ್ಕೆ ಬಹಳ ಒಳ್ಳೆಯ ಇಂಜಿನ್. ಕೊಳ್ಳುವುದಕ್ಕೆ ಅಷ್ಟಲ್ಲ. 2003ರವರೆಗೆ ಎಫ್-150ಯಲ್ಲಿ ಬಂದದ್ದು ಸಿಲಿಂಡರ್‌ಗೆ ಎರಡು ವಾಲ್ವ್ ಇರುವ 5.4. ಅದರ ಹೆಡ್‌ನಲ್ಲಿ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದಲ್ಲಿ, ಸ್ಪಾರ್ಕ್ ಪ್ಲಗ್ ಕೂರುವ ಮರೆ (ತಿರುಪಿನ ಸುತ್ತು) ತೀರಾ ಕಡಿಮೆ. ಪ್ಲಗ್ ಸಡಿಲವಾಗಿ, ಮೇಲೆ ಕೂತು ಕರೆಂಟ್ ಕೊಡುವ ಕಾಯಿಲ್ ಸಮೇತ ಪಟಾಕಿ ಥರ ಹಾರಿಬರುತ್ತಿತ್ತು. 2004ರಲ್ಲಿ ಮೂರು ವಾಲ್ವ್‌ನ 5.4 ಬಂತು, 2010ರವರೆಗೆ ಇತ್ತು. ಇದರ ಮೊದಲ ವರ್ಷಗಳವುಗಳಲ್ಲಿ (ಸುಮಾರು 2008ರವರೆಗೆ) ಪ್ಲಗ್ ಹಾರುವುದಿರಲಿ, ಬಿಚ್ಚಿದರೂ ಬರುವುದಿಲ್ಲ! ಎರಡು ತುಂಡು ಸೇರಿಸಿ ಮಾಡಿದ ಉದ್ದ ಪ್ಲಗ್ ಅದು. ಕೆಳಗಿನ ತುಂಡಿನ ಸುತ್ತ ಕಾರ್ಬನ್ ಕಟ್ಟಿಕೊಂಡು ಹೆಡ್‌ಗೆ ಕಚ್ಚಿಕೊಳ್ಳುತ್ತದೆ. ಪಾನಾ ಹಾಕಿ ಜೋರಾಗಿ ತಿರುಗಿಸಿದರೆ ಮೇಲಿನ ಅರ್ಧ ಕೈಗೆ, ಕೆಳಗಿನ ಅರ್ಧ ಒಳಗೆ. ಹಾಗಾಗಿ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸದೆ, ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು, ನೆನೆಯಲು ಸಮಯ ಕೊಟ್ಟು, ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ಗಾಡಿ ನೋಡಲು ಹೋದಾಗ "ಪ್ಲಗ್ ಬದಲಾಯಿಸಿದ್ದೀರಾ, ಬಿಲ್ ಇದೆಯಾ" ಎಂದು ಕೇಳಿ. ಒಂದೇ ತುಂಡಿನ ಬದಲಿ ಪ್ಲಗ್ ಹಾಕಿಸಿದ್ದರೆ ಒಂದು ತಲೆನೋವು ಕಡಿಮೆ.

ಇನ್ನೊಂದು ತಲೆನೋವು ಫೇಸರ್‌ದು. ವಾಲ್ವ್ ಆಡಿಸುವ ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಚೈನ್. ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಶರ್‌ನಿಂದಲೇ ಕೆಲಸ ಮಾಡುತ್ತದೆ. ಅದರ ಸೀಲ್ ಸೋರಿದರೆ ಪ್ರೆಶರ್ ಅಲ್ಲೇ ಪೋಲು. ಇಂಜಿನ್ ಬಿಸಿಯಾದಾಗ ಆಯಿಲ್ ತೆಳುವಾಗುತ್ತದೆ. ಆಗ ಸಿಗ್ನಲ್‌ನಲ್ಲಿ ನಿಂತಿದ್ದರೆ ಫೇಸರ್‌ಗೆ ಸಾಕಷ್ಟು ಪ್ರೆಶರ್ ಸಿಗದೆ ಕಟಕಟ ಸದ್ದು ಬರುತ್ತದೆ. ಪೆಟ್ರೋಲ್ ಗಾಡಿ ಡೀಸೆಲ್ ಥರ ಕೇಳಿಸುತ್ತದೆ. ನೋಟ್ಸ್‌ನಲ್ಲಿ ನಾನು ಇದಕ್ಕೆ ಅಡಿಗೆರೆ ಹಾಕಿದ್ದೇನೆ: ಈ ಇಂಜಿನ್‌ನ ಈ ಸದ್ದು ಕೇಳಲು ಬಿಸಿಯಾಗುವ ತನಕ ಕಾಯಬೇಕು.

ಎಂಟರಲ್ಲಿ ನಾಲ್ಕು ಮಲಗಿದರೆ

ಜಿಎಂನ 5.3 (ಷೆವಿ ಸಿಲ್ವೆರಾಡೊ, ಜಿಎಂಸಿ ಸಿಯೆರಾ) ಮತ್ತು ರಾಮ್‌ನ 5.7 ಹೆಮಿ. ಎರಡೂ ವಿ8, ಅಂದರೆ ಎಂಟು ಸಿಲಿಂಡರ್‌ನವು. ಎರಡಕ್ಕೂ ಹೆಚ್ಚಿನ ಎಳೆತ ಬೇಡದಾಗ ನಾಲ್ಕು ಸಿಲಿಂಡರ್ ಮಲಗಿಸುವ ಅಭ್ಯಾಸ. ಯಾವ ನಾಲ್ಕು? ಬಾಯಿಪಾಠ ಬೇಡ, ಹೀಗೆ ಮಾಡಿ. ಜಿಎಂನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಲ್ಲಿ ಕಿಡಿ ಹೊತ್ತುವ ಸಾಲು, ಬರೆದುಕೊಳ್ಳಿ: 1-8-7-2-6-5-4-3. ಒಂದು ಬಿಟ್ಟು ಒಂದು ಆರಿಸಿ: 1, 7, 6, 4. ಹೆಮಿಯದು 1-8-4-3-6-5-7-2. ಒಂದು ಬಿಟ್ಟು ಒಂದು: 1, 4, 6, 7. ಸಾಲು ಬೇರೆ, ಕೊನೆಗೆ ಸಿಕ್ಕ ಸಿಲಿಂಡರ್‌ಗಳು ಅವೇ. ಒಂದು ಬಿಟ್ಟು ಒಂದು ಮಲಗಿದರೆ ಮಾತ್ರ ಉಳಿದ ನಾಲ್ಕರ ಹೊಡೆತ ಸಮನಾಗಿ ಬೀಳುತ್ತದೆ, ಗಾಡಿ ಕುಲುಕುವುದಿಲ್ಲ. ಇದು ಹೊಳೆದ ದಿನ ನನಗೆ ಸಣ್ಣ ಖುಷಿಯೇ ಆಗಿತ್ತು.

ಇದರ ಉಪಯೋಗ ಏನಪ್ಪಾ ಅಂದರೆ, 2007ರ ನಂತರದ 5.3ಗೆ ಸ್ಕ್ಯಾನರ್ ಚುಚ್ಚಿದಾಗ ಪಿ0301, ಪಿ0304, ಪಿ0306, ಪಿ0307 ಇವುಗಳಲ್ಲೊಂದು ಕೋಡ್ ಬಂತು ಅನ್ನಿ (ಕೊನೆಯ ಅಂಕಿ ಸರಿಯಾಗಿ ಉರಿಯದ ಸಿಲಿಂಡರ್‌ನದು), ಜೊತೆಗೆ ಟಿಕ್ ಟಿಕ್ ಸದ್ದೂ ಇದೆ ಅನ್ನಿ. ಪ್ಲಗ್ಗು, ಕಾಯಿಲ್ಲು ನೋಡಿ, ಆದರೆ ಅನುಮಾನ ಲಿಫ್ಟರ್ ಮೇಲೆ ಇರಲಿ. ಲಿಫ್ಟರ್ ಸಿಕ್ಕಿಹಾಕಿಕೊಂಡರೆ ವಾಲ್ವ್ ತೆರೆಯುವುದಿಲ್ಲ. ಹಾಗೇ ಓಡಿಸಿದರೆ ಕ್ಯಾಮ್‌ಶಾಫ್ಟನ್ನೂ ತಿಂದು ಹಾಕುತ್ತದೆ. ಹೆಡ್ ಇಳಿಸದೆ ಆಗುವ ಕೆಲಸವಲ್ಲ. 2019ರ ನಂತರ ಬಂದ ಹೊಸ ವ್ಯವಸ್ಥೆಯಲ್ಲಿ ಎಂಟರಲ್ಲಿ ಯಾವುದನ್ನು ಬೇಕಾದರೂ ಮಲಗಿಸಬಹುದು, ಅಲ್ಲಿ ಈ ನಾಲ್ಕರ ಲೆಕ್ಕ ನಡೆಯುವುದಿಲ್ಲ. ಹಳೆಯ 5.3ಗಳಲ್ಲಿ, ಅಂದರೆ 2001ರಿಂದ 2006ರವರೆಗಿನ ಕೆಲವದರಲ್ಲಿ, ಲಿಫ್ಟರ್ ಗೋಳಿಲ್ಲ. ಬದಲಿಗೆ ಹೆಡ್‌ನಲ್ಲಿ ಕೂದಲೆಳೆ ಬಿರುಕು. ಹೊರಗೆ ಒಂದು ಹನಿ ಸೋರದೆ ಕೂಲೆಂಟ್ ಕಡಿಮೆಯಾಗುತ್ತಾ ಹೋಗುತ್ತದೆ.

ಹೆಮಿಯ ಟಿಕ್ ಸದ್ದಿಗೆ ಎರಡು ಅರ್ಥ. ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಿಡಿದಿರುವ ಬೋಲ್ಟ್‌ಗಳು ಕಾದು ತಣಿದು, ಕಾದು ತಣಿದು ತುಂಡಾಗುತ್ತವೆ. ಸಂದಿಯಿಂದ ಹೊಗೆ ಚಿಮ್ಮಿ ಟಿಕ್ ಅನ್ನುತ್ತದೆ. ಲೋಹ ಕಾದು ಹಿಗ್ಗಿದಾಗ ಸಂದಿ ಮುಚ್ಚಿ ಸದ್ದು ನಿಲ್ಲುತ್ತದೆ. ಇದು ಸಣ್ಣ ರೋಗ. ಬಿಸಿಯಾದ ಮೇಲೂ ಸದ್ದು ಬಿಡದಿದ್ದರೆ ಲಿಫ್ಟರ್ ರೋಲರ್ ಸವೆದಿರಬಹುದು, ಅದು ದೊಡ್ಡ ರೋಗ. ಸುಮ್ನೆ "ಹೆಮಿ ಅಂದರೆ ಹಾಗೇ ಸಾರ್" ಅನ್ನುವವರ ಮಾತು ಕೇಳಬೇಡಿ.

ಉಳಿದವು, ಬೇಗ ಬೇಗ

ಫೋರ್ಡ್‌ನ 3.5 ಇಕೊಬೂಸ್ಟ್ 2011ರಲ್ಲಿ ಎಫ್-150ಗೆ ಬಂತು, ಎರಡು ಟರ್ಬೊ. ಮೊದಲ ವರ್ಷಗಳವುಗಳಲ್ಲಿ ಟೈಮಿಂಗ್ ಚೈನ್ ಉದ್ದವಾಗುವ ಕಾಯಿಲೆ, 2017ರ ನಂತರದವುಗಳಲ್ಲಿ ಮತ್ತದೇ ಫೇಸರ್. ಗಾಡಿ ರಾತ್ರಿಯಿಡೀ ನಿಂತಿದ್ದು, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗರ್ರ್ ಅಂದರೆ ಅದೇ.

ಟೊಯೊಟಾ ಟಂಡ್ರಾದ 5.7 (2007ರಿಂದ 2021) ಇವರೆಲ್ಲರಲ್ಲಿ ಗಟ್ಟಿ ಪಿಂಡ. ಮುಖ್ಯ ತಕರಾರು ಇಂಜಿನ್‌ನ ಹೊಟ್ಟೆಯದಲ್ಲ, ಹೊಗೆ ಶುದ್ಧ ಮಾಡಲು ಗಾಳಿ ಊದುವ ಪಂಪ್‌ನದು. ಹಾಗೆಂದು ಹೆಸರು ನೋಡಿ ಕಣ್ಣು ಮುಚ್ಚಬೇಡಿ. 2022ರಲ್ಲಿ ಬಂದ ಟರ್ಬೊ ಟಂಡ್ರಾ ಇಂಜಿನ್ ಒಳಗೆ ಫ್ಯಾಕ್ಟರಿಯಲ್ಲೇ ಲೋಹದ ಚೂರು ಉಳಿದಿದ್ದಕ್ಕೆ 2024ರಲ್ಲಿ ಸುಮಾರು 1 ಲಕ್ಷ ಗಾಡಿ ವಾಪಸ್ ಕರೆದರು. 2021ರಿಂದ 2024ರ ಜಿಎಂ 6.2 ಇಂಜಿನ್ ಗಾಡಿಗಳನ್ನು 2025ರ ಏಪ್ರಿಲ್‌ನಲ್ಲಿ ಕರೆದರು, ಅಮೆರಿಕದಲ್ಲೇ ಸುಮಾರು 6 ಲಕ್ಷ. ಹೊಸದು ಅಂದರೆ ಭದ್ರ ಅಂತೇನಿಲ್ಲ, ಅಲ್ವಾ? ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿಐಎನ್ ಹಾಕಿದರೆ ಬಾಕಿ ಇರುವ ರೀಕಾಲ್ ಪುಕ್ಕಟೆಯಾಗಿ ತಿಳಿಯುತ್ತದೆ.

ಮೈಲಿ ಮಾತ್ರ ನೋಡಬೇಡಿ

ಹಲವು ಪಿಕಪ್‌ಗಳ ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಇಂಜಿನ್ ಎಷ್ಟು ಗಂಟೆ ಓಡಿದೆ ಎಂದೂ ಇರುತ್ತದೆ. 90,000 ಮೈಲಿಗೆ 3,000 ಗಂಟೆ ಆಗಿದ್ದರೆ ಸರಾಸರಿ ಗಂಟೆಗೆ 30 ಮೈಲಿ, ಪರವಾಗಿಲ್ಲ. ಅದೇ 90,000ಕ್ಕೆ 6,000 ಗಂಟೆ ಅಂದರೆ 15 ಮೈಲಿ. ಆ ಗಾಡಿ ಎಸಿ ಹಾಕಿಕೊಂಡು ಕೆಲಸದ ಜಾಗದಲ್ಲಿ ಬಹಳ ಹೊತ್ತು ನಿಂತೇ ಓಡಿರಬಹುದು. ನಿಂತಲ್ಲೇ ಓಡುವಾಗ ಆಯಿಲ್ ಪ್ರೆಶರ್ ಕಡಿಮೆ. ಮೀಟರ್ ಓಡದಿದ್ದರೂ ಇಂಜಿನ್ ಸವೆಯುತ್ತದೆ.

ಕ್ಲಾಸಿನಲ್ಲಿ ಮೇಷ್ಟ್ರು ಒಂದು ಹಳೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಸೀರೆ ನೆರಿಗೆ ಬಿಡಿಸಿದ ಹಾಗೆ ಮೇಜಿನ ಮೇಲೆ ಹರಡಿದರು. ಟಾರ್ಚ್ ಬಿಟ್ಟರೆ ಮಿಣಮಿಣ. ಆಯಸ್ಕಾಂತ ಆಡಿಸಿದರು. ಕೆಲವು ಕಣ ಅಂಟಿದವು, ಅವು ಉಕ್ಕು, ಕ್ಯಾಮ್ ಅಥವಾ ಲಿಫ್ಟರ್ ಕಡೆಯವು. ಅಂಟದೆ ಉಳಿದವು ಬೇರಿಂಗ್‌ನ ಮೆದು ಲೋಹ. ಆ ಇಂಜಿನ್ ಹೊರಗಿನಿಂದ ತಣ್ಣಗೆ, ಸದ್ದಿಲ್ಲದೆ ಓಡುತ್ತಿತ್ತು.

ಹೋದ ಚಳಿಗಾಲ ಗೆಳೆಯನಿಗೆ ಗಾಡಿ ನೋಡಲು ಜೊತೆಗೆ ಹೋಗಿದ್ದೆ. ಯಾವ ಗಾಡಿ ಅನ್ನುವುದು ಬೇಡ. ಹೇಳಿದ ಸಮಯಕ್ಕೆ ಹೋದೆವು. ಮಾರುವವರು ನಗುನಗುತ್ತಾ ಕೀಲಿ ಕೊಟ್ಟರು. ನಾನು ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟೆ. ದೋಸೆ ಹಂಚಿನಷ್ಟಲ್ಲದಿದ್ದರೂ ಬೆಚ್ಚಗಿತ್ತು. ನಾವು ಬರುವ ಮೊದಲೇ ಓಡಿಸಿಟ್ಟಿದ್ದರು. ಸ್ಕ್ಯಾನರ್ ಚುಚ್ಚಿದರೆ ಕೋಡ್ ಒಂದೂ ಇಲ್ಲ, ಆದರೆ ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳೆಲ್ಲ "ರೆಡಿ ಇಲ್ಲ". ಆಗಷ್ಟೇ ಕೋಡ್ ಅಳಿಸಿದರೆ, ಇಲ್ಲವೇ ಬ್ಯಾಟರಿ ಬಿಚ್ಚಿದರೆ ಹಾಗೆ ತೋರಿಸುತ್ತದೆ. ನಾಳೆ ಬೆಳಗ್ಗೆ ಬರುತ್ತೇವೆ, ದಯವಿಟ್ಟು ಸ್ಟಾರ್ಟ್ ಮಾಡಬೇಡಿ ಎಂದು ಕೇಳಿಕೊಂಡೆವು. ಮರುದಿನ ಏಳು ಗಂಟೆಗೆ ಗಾಜಿನ ಮೇಲೆ ಇನ್ನೂ ಇಬ್ಬನಿ ಇತ್ತು. ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್. ಚಳಿಗೆ ಹಾಗೆ, ನಿಲ್ಲುತ್ತದೆ ಅಂದರು. ಇಪ್ಪತ್ತು ನಿಮಿಷ ಕಾದೆವು. ನಿಲ್ಲಲಿಲ್ಲ. ಕೈಕುಲುಕಿ ಬಂದೆವು.

ಎರಡು ವಾರದ ಮೇಲೆ ಅದೇ ಗಾಡಿಯ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಫೋಟೊ ಅವೇ. ಬೆಲೆ 500 ಡಾಲರ್ ಇಳಿದಿತ್ತು. ಕೆಳಗೆ ಒಂದು ಸಾಲು ಹೊಸದಾಗಿ ಸೇರಿತ್ತು: ನೋಡಲು ಸಂಜೆ ಮಾತ್ರ ಬನ್ನಿ.