ವಿಆರ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಆತಂಕ: ಓದುವಾಗ ಮಾಡಿಕೊಂಡ ಟಿಪ್ಪಣಿ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನರ್ಸಿಂಗ್ ವಿದ್ಯಾರ್ಥಿಗಳ ಆತಂಕಕ್ಕೆ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಹೆಡ್‌ಸೆಟ್ ಮೂಲಕ ಕಾಣುವ ಕಂಪ್ಯೂಟರ್ ಲೋಕ) ಬಳಸುವುದು ಎರಡು ರೀತಿಯಲ್ಲಿ. ಒಂದು, ಹೆಡ್‌ಸೆಟ್ ಹಾಕಿಕೊಂಡು ಕಡಲತೀರವನ್ನೋ ಕಾಡನ್ನೋ ನೋಡುತ್ತಾ ನಿಧಾನಕ್ಕೆ ಉಸಿರಾಡುವುದು. ಇನ್ನೊಂದು, ವಾರ್ಡ್‌ನಲ್ಲಿ ಮಾಡಬೇಕಾದ ಕೆಲಸವನ್ನೇ ಅದರೊಳಗೆ ಮಾಡಿ ನೋಡುವುದು. ಎರಡಕ್ಕೂ ಹೆಸರು ಒಂದೇ, ದಾರಿ ಬೇರೆ.

ಮೊದಲನೆಯದು ಸುಲಭ. ಉಸಿರು ನಿಧಾನವಾದಂತೆ ಎದೆಬಡಿತ ತಗ್ಗಿಸುವ ವೇಗಸ್ ನರದ ಹಿಡಿತ ಜಾಸ್ತಿಯಾಗಿ ಎದೆಬಡಿತ ಇಳಿಯುತ್ತದೆ, ಸುತ್ತಲಿನ ಗದ್ದಲ ಕಣ್ಣಿಗೆ ಕಿವಿಗೆ ಬೀಳದ ಹಾಗೆ ಹೆಡ್‌ಸೆಟ್ ನೋಡಿಕೊಳ್ಳುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಒಳ್ಳೆಯದೇ. ಆದರೆ ಕೈಗೆ ಕೆಲಸ ಬರದಿದ್ದರೆ ಭಯ ಮತ್ತೆ ಬರುತ್ತದೆ, ಅಲ್ವಾ?

ಅದಕ್ಕೇ ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ. ಮೊದಲ ಸಲ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವ ಹೊತ್ತನ್ನು ನೆನೆಸಿಕೊಳ್ಳಿ: ತೋಳಿಗೆ ಬಿಗಿಯುವ ಪಟ್ಟಿ, ಟೂರ್ನಿಕೆ, ಕಟ್ಟಿ ಆಗಿದೆ, ರಕ್ತನಾಳ ಬೆರಳಿಗೆ ಸಿಗುತ್ತಿಲ್ಲ, ಗ್ಲೌಸ್ ಒಳಗೆ ಕೈ ಬೆವರುತ್ತಿದೆ, ರೋಗಿ ನಮ್ಮ ಮುಖವನ್ನೇ ನೋಡುತ್ತಿದ್ದಾರೆ, ಆ ಗಾಬರಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿದ ಜಾಗವನ್ನೇ ಮತ್ತೆ ಮುಟ್ಟಿಬಿಡುತ್ತೇವೆ. ವಿಆರ್‌ನಲ್ಲಿ ಇದೇ ತಪ್ಪು ಹತ್ತು ಸಲ ಆದರೂ ಯಾರಿಗೂ ನೋವಾಗುವುದಿಲ್ಲ. ಭಯ ಹುಟ್ಟಿಸುವ ಸನ್ನಿವೇಶವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುತ್ತಾ ಹೋದರೆ ಭಯ ಕರಗುತ್ತದೆ. ಎತ್ತರದ ಭಯ ಇರುವವರಿಗೆ ವಿಆರ್ ಬಳಸಿ ಇದನ್ನು 1990ರ ದಶಕದಲ್ಲೇ ಮಾಡಿ ನೋಡಿದ್ದರು. ಒಂದು ಕೊರತೆ ಇದೆ. ಒತ್ತಿದಾಗ ಚರ್ಮದ ಕೆಳಗೆ ರಕ್ತನಾಳ ಸ್ಪ್ರಿಂಗಿನಂತೆ ಮತ್ತೆ ಏಳುವುದು ವಿಆರ್‌ನಲ್ಲಿ ಕೈಯಲ್ಲಿ ಹಿಡಿಯುವ ಸಾಮಾನ್ಯ ಕಂಟ್ರೋಲರ್‌ನಲ್ಲಿ ಗೊತ್ತಾಗುವುದಿಲ್ಲ. ಕ್ರಮ, ರೋಗಿಯ ಜೊತೆ ಮಾತು, ಗಾಬರಿ ತಡೆದುಕೊಳ್ಳುವುದು ಇವನ್ನು ವಿಆರ್‌ನಲ್ಲಿ ಕಲಿಯಿರಿ, ಬೆರಳಿನ ಕೆಲಸಕ್ಕೆ ಅಭ್ಯಾಸಕ್ಕೆ ಇಡುವ ಬೊಂಬೆಯ (ಮ್ಯಾನಿಕಿನ್) ಕೈಯೇ ಬೇಕು. ಮುಗಿದ ಮೇಲೆ ಎಲ್ಲಿ ತಡವರಿಸಿದೆವು ಅಂತ ಟೀಚರ್ ಜೊತೆ ಕೂತು ಮಾತಾಡುವ ಡಿಬ್ರೀಫಿಂಗ್ ಬಿಡಲೇಬೇಡಿ. ಅರ್ಧ ಕಲಿಕೆ ಅಲ್ಲೇ ಆಗುತ್ತದೆ.

ಅಳತೆಯ ವಿಷಯ. ಆತಂಕ ಅಳೆಯಲು ಹೆಚ್ಚಾಗಿ ಬಳಸುವುದು ಮನಶ್ಶಾಸ್ತ್ರಜ್ಞ ಸ್ಪೀಲ್‌ಬರ್ಗರ್ ಅವರ ಎಸ್‌ಟಿಎಐ ಎಂಬ ಪ್ರಶ್ನಾವಳಿ. ಈ ಕ್ಷಣದ ಆತಂಕಕ್ಕೆ 20 ಪ್ರಶ್ನೆ, ಸ್ವಭಾವದಲ್ಲೇ ಇರುವ ಆತಂಕಕ್ಕೆ 20, ಒಂದೊಂದಕ್ಕೂ ಸ್ಕೋರ್ 20ರಿಂದ 80. ಯಾವ ಅಧ್ಯಯನ ಓದಿದರೂ ಇಳಿದಿದ್ದು ಯಾವ ಸ್ಕೋರ್, ಯಾವಾಗ ಅಳೆದರು ಅಂತ ನೋಡಿ. ಹೆಡ್‌ಸೆಟ್ ತೆಗೆದ ತಕ್ಷಣ ಕೇಳಿದರೆ ಬರುವ ಉತ್ತರವೇ ಬೇರೆ, ವಾರ್ಡ್‌ಗೆ ಹೋದ ದಿನ ಕೇಳಿದರೆ ಬೇರೆ. ಇನ್ನೊಂದು, ವಿಆರ್ ಬಳಸಿದ ಗುಂಪನ್ನು ಬಳಸದ ಗುಂಪಿನ ಜೊತೆ ಹೋಲಿಸುವಾಗ, ಹೆಡ್‌ಸೆಟ್ ಹಾಕಿಕೊಂಡವರಿಗೆ ತಾವು ಯಾವ ಗುಂಪಿನವರು ಅಂತ ಗೊತ್ತೇ ಇರುತ್ತದೆ. ಆ ನಿರೀಕ್ಷೆಯೂ ಸ್ಕೋರ್‌ನಲ್ಲಿ ಸೇರಿಕೊಳ್ಳುತ್ತದೆ.

ವಿಆರ್ ಬಳಸುವಾಗ ಕೆಲವರಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಕಣ್ಣು ಚಲಿಸುತ್ತಿದ್ದೇವೆ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ, ಅದಕ್ಕೆ. ಹಾಗಾದರೆ ಸುಮ್ನೆ ತಡೆದುಕೊಂಡು ಕೂರಬೇಡಿ. ಹೆಡ್‌ಸೆಟ್ ತೆಗೆದುಬಿಡಿ, ಮುಂದಿನ ಸಲ ಕೂತುಕೊಂಡು, ಕಡಿಮೆ ಹೊತ್ತು ಮಾಡಿ.