ಪತ್ತನಾಜೆಯ ಸಂಜೆ ಮೈನ್ ಸ್ವಿಚ್ ಆಫ್ ಮಾಡಿ ನೋಡಿ

ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆ ಹಿಡಿದ ಎರಡನೇ ದಿನ ಇನ್ವರ್ಟರ್, ವಯರಿಂಗ್ ಕೆಲಸದ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾ, ಇನ್ವರ್ಟರ್ ಉಂಟು, ಬ್ಯಾಟರಿ ಹಾಕಿ ಮೂರೇ ವರ್ಷ. ಆದರೆ ಕರೆಂಟು ಹೋದ ಕಾಲು ಗಂಟೆಗೆ ಕೂಗಿ ಆಫ್ ಆಗ್ತದೆ." ಎಮರ್ಜೆನ್ಸಿ ಲೈಟು ಉಂಟು, ಉರಿಯುವುದಿಲ್ಲ. ಟಾರ್ಚು ಉಂಟು, ಒಳಗೆ ಸೆಲ್ಲು ಸೋರಿ ಅಂಟಿದೆ. ಎರಡನೇ ಗ್ಯಾಸ್ ಸಿಲಿಂಡರ್ ಉಂಟು, ರೆಗ್ಯುಲೇಟರ್ ಕೂರಿಸಿದರೆ ವಾಸನೆ ಬರುತ್ತದೆ. ಬಾವಿಯಲ್ಲಿ ಕೈಗೆ ಎಟಕುವಷ್ಟು ನೀರು, ಬಚ್ಚಲಿನಲ್ಲಿ ಒಂದು ಚೊಂಬು ನೀರಿಲ್ಲ.

ಇವರು ಉದಾಸೀನದ ಜನ ಅಲ್ಲ. ಎಲ್ಲವನ್ನೂ ದುಡ್ಡು ಕೊಟ್ಟು ತಂದು ಇಟ್ಟವರು. ತಪ್ಪಿದ್ದು ಒಂದೇ ಕಡೆ: ತಂದ ಮೇಲೆ ಒಂದು ಸಂಜೆಯೂ ಅದನ್ನೇ ನಂಬಿ ಕಳೆದು ನೋಡಿಲ್ಲ. ಅದಕ್ಕೆ ಪ್ರತಿ ವರ್ಷ ಒಂದೇ ಮಾತು ಹೇಳುತ್ತೇನೆ. ಪತ್ತನಾಜೆಯ ದಿನ, ಅಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ, ಮನೆಯ ಮೈನ್ ಸ್ವಿಚ್ ಆಫ್ ಮಾಡಿ. ಸಂಜೆ ಆರರಿಂದ ರಾತ್ರಿ ಒಂಬತ್ತರ ತನಕ. ಅಡುಗೆ, ಸ್ನಾನ, ಮಕ್ಕಳ ಓದು, ಊಟ ಎಲ್ಲ ಹಾಗೆಯೇ ಆಗಲಿ. ಏನೇನು ಕೈಕೊಟ್ಟಿತೋ ಒಂದು ಕಾಗದದಲ್ಲಿ ಬರೆದಿಡಿ. ಮಳೆಗಾಲಕ್ಕೆ ಸಾಮಾನ್ಯವಾಗಿ ಇನ್ನೂ ಒಂದು ವಾರ ಇರುತ್ತದೆ, ಅಂಗಡಿಯಲ್ಲಿ ಸಾಮಾನು ಸಿಗುತ್ತದೆ, ನಮ್ಮಂಥವರಿಗೂ ಬರಲು ಬಿಡುವಿರುತ್ತದೆ.

ಎರಡು ಎಚ್ಚರಿಕೆ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥ ಉಪಕರಣ ಬೇಕಾದ ರೋಗಿಯಿದ್ದರೆ, ಅದಕ್ಕೆ ಬೇರೆ ವ್ಯವಸ್ಥೆ ಗಟ್ಟಿಯಾಗದೆ ಈ ಪರೀಕ್ಷೆ ಬೇಡ. ಮತ್ತೆ, ಮೈನ್ ಆಫ್ ಇದ್ದರೂ ಇನ್ವರ್ಟರಿನ ಲೈನಿನಲ್ಲಿ 230 ವೋಲ್ಟ್ ಹರಿಯುತ್ತಲೇ ಇರುತ್ತದೆ. "ಹೇಗೂ ಮೈನ್ ಆಫ್ ಉಂಟಲ್ಲ" ಎಂದು ಹೋಲ್ಡರಿಗೋ ಸ್ವಿಚ್‌ಬೋರ್ಡಿಗೋ ಕೈ ಹಾಕಬೇಡಿ.

"ಐದು ನಿಮಿಷ ಆಫ್ ಮಾಡಿ ನೋಡಿದ್ದೇವೆ, ಎಲ್ಲ ಉರಿಯಿತು" ಎನ್ನುವವರು ಬಹಳ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಹಳೆಯ ಬ್ಯಾಟರಿಯೂ ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಇದ್ದಾಗ ಮೀಟರಿನಲ್ಲಿ 12.6, 12.7 ವೋಲ್ಟ್ ತೋರಿಸುತ್ತದೆ. ಇನ್ವರ್ಟರಿನ ಹಸಿರು ದೀಪವೂ ಆ ವೋಲ್ಟೇಜನ್ನೇ ನೋಡಿ "ಫುಲ್" ಎನ್ನುತ್ತದೆ. ಹೂಳು ತುಂಬಿದ ಬಾವಿಯನ್ನು ನೆನಪು ಮಾಡಿಕೊಳ್ಳಿ. ಕಟ್ಟೆಯಿಂದ ಬಗ್ಗಿ ನೋಡಿದರೆ ನೀರಿನ ಮಟ್ಟ ಹೋದ ವರ್ಷದಷ್ಟೇ ಇರುತ್ತದೆ. ಹತ್ತು ಕೊಡ ಎತ್ತಿದಾಗಲೇ ತಳದ ಕೆಸರು ಬರುವುದು. ಬ್ಯಾಟರಿಯಲ್ಲಿ ಹೂಳಿನ ಜಾಗದಲ್ಲಿ ಇರುವುದು ಸಲ್ಫೇಟು. ಪೂರ್ತಿ ಚಾರ್ಜ್ ಇಲ್ಲದೆ ವಾರಗಟ್ಟಲೆ ನಿಂತರೆ, ಅಥವಾ ನೀರು ಇಳಿದು ಸೀಸದ ಪ್ಲೇಟು ಹೊರಗೆ ಕಂಡರೆ, ಆ ಭಾಗ ಗಟ್ಟಿಕಟ್ಟಿ ಕೆಲಸಕ್ಕೆ ಬಾರದಾಗುತ್ತದೆ. ವೋಲ್ಟೇಜು ಇರುತ್ತದೆ, ಹಿಡಿದಿಡುವ ಶಕ್ತಿ ಇರುವುದಿಲ್ಲ. ಫ್ಯಾನು, ದೀಪ ಹಾಕಿ ಗಂಟೆಗಟ್ಟಲೆ ಎಳೆದು ನೋಡದೆ ಇದು ಗೊತ್ತಾಗುವ ದಾರಿ ಮನೆಯಲ್ಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕೆ ತಾಗಿಕೊಂಡೇ ಇದೆ. "900 ವಿಎ ಸಾಲುವುದಿಲ್ಲ, 1500 ವಿಎ ಹಾಕಿ" ಎಂದು ಕೇಳುತ್ತಾರೆ. ವಿಎ ಎಂಬುದು ಒಂದೇ ಹೊತ್ತಿಗೆ ಎಷ್ಟು ಹೊರೆ ಹೊರಬಹುದು ಎಂಬ ಲೆಕ್ಕ. ಎಷ್ಟು ಹೊತ್ತು ಎಂಬುದು ಬ್ಯಾಟರಿಯ ಲೆಕ್ಕ. ನಳ್ಳಿ ದೊಡ್ಡದು ಮಾಡಿದರೆ ಟ್ಯಾಂಕಿನ ನೀರು ಹೆಚ್ಚುವುದಿಲ್ಲ. 12 ವೋಲ್ಟಿನ 150 ಎಎಚ್ (ಆಂಪಿಯರ್‌ಗಂಟೆ) ಬ್ಯಾಟರಿ ಹೊಸದಿರುವಾಗ 12×150, ಅಂದರೆ 1800 ವ್ಯಾಟ್‌ಗಂಟೆ. ಇನ್ವರ್ಟರಿನಲ್ಲೇ ಐದರಲ್ಲಿ ಒಂದು ಪಾಲು ಹೋಗುತ್ತದೆ ಎಂದು ಹಿಡಿದರೆ 1440 ಉಳಿಯಿತು. ಹಳೆಯ ಮಾದರಿಯ ಮೂರು ಫ್ಯಾನು ತಲಾ 75 ವ್ಯಾಟ್, ಐದು ಎಲ್‌ಇಡಿ ಬಲ್ಬು ತಲಾ 9, ವೈಫೈ ಪೆಟ್ಟಿಗೆ 10, ಒಟ್ಟು 280. ಕಾಗದದ ಮೇಲೆ ಐದು ಗಂಟೆ ಬರುತ್ತದೆ, ನಾಲ್ಕು ಎಂದು ನಂಬಿದರೆ ಸಾಕು. ಅದೇ ಮೂರು ಫ್ಯಾನನ್ನು ಕಡಿಮೆ ಕರೆಂಟು ಎಳೆಯುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದರೆ ಒಟ್ಟು ಹೊರೆ 145ಕ್ಕೆ ಇಳಿದು ಅದೇ ಬ್ಯಾಟರಿ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ನಿಲ್ಲುತ್ತದೆ. ದೊಡ್ಡ ಇನ್ವರ್ಟರಿಗೆ ಹಾಕುವ ದುಡ್ಡನ್ನು ಫ್ಯಾನಿಗೆ ಹಾಕಿ ಎಂದು ಹೇಳುವುದು ಇದಕ್ಕೇ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರು ಬೇಡ, ಅಡುಗೆಮನೆಯ ಫಿಲ್ಟರಿನ ನೀರೂ ಬೇಡ, ಎಸಿಯಿಂದ ತೊಟ್ಟಿಕ್ಕುವ ನೀರೂ ಬೇಡ. ಮಳೆನೀರು ಶುದ್ಧ ಎಂದು ಸೂರಿನಡಿ ಬಕೆಟು ಇಟ್ಟು ಹಿಡಿದವರಿದ್ದಾರೆ. ಆ ನೀರಿನಲ್ಲಿ ಹಂಚಿನ ಪಾಚಿ, ಧೂಳು, ಲವಣ ಎಲ್ಲ ಇರುತ್ತದೆ. ಆಸಿಡ್ ಅಂತೂ ಎಂದಿಗೂ ಹಾಕಬೇಡಿ: ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿ, ಬೇಸಗೆಯಲ್ಲಿ ಎರಡು ತಿಂಗಳಿಗೆ. ತೇಲುವ ಕಡ್ಡಿಯ ಹಸಿರು ಗುರುತಿನ ತನಕ ತುಂಬಿಸಿ, ಅದಕ್ಕಿಂತ ಮೇಲೆ ಬೇಡ. ಟರ್ಮಿನಲಿನಲ್ಲಿ ಬಿಳಿ ಹಸಿರು ಹುಡಿ ಕೂತಿದ್ದರೆ ಇನ್ವರ್ಟರ್ ಆಫ್ ಮಾಡಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿದ ಮೇಲೆ ವ್ಯಾಸಲಿನ್ ಸವರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಇಳಿಯದಿರಲಿ. ಇನ್ನು ಜಾಗ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದು ಬೆಂಕಿ ಹಿಡಿಯುವ ಅನಿಲ. ಜಾಗ ಇಲ್ಲವೆಂದು ದೇವರ ಕೋಣೆಯ ಮೂಲೆಯಲ್ಲಿ, ನಂದಾದೀಪದ ಪಕ್ಕ, ಇನ್ವರ್ಟರ್ ಟ್ರಾಲಿ ಇಟ್ಟ ಮನೆಗಳಿವೆ. ದಯವಿಟ್ಟು ಅದನ್ನು ಗಾಳಿಯಾಡುವ ಜಗಲಿಗೋ ಹಿಂದಿನ ಚಾವಡಿಗೋ ಸಾಗಿಸಿ.

ನೀರಿನ ವಿಷಯಕ್ಕೆ ಬಂದರೆ ಇನ್ವರ್ಟರ್ ಉಪಯೋಗಕ್ಕಿಲ್ಲ. ಒಂದು ಎಚ್‌ಪಿ ಪಂಪು ಓಡುವಾಗ ಸುಮಾರು 1000 ವ್ಯಾಟ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು ಕರೆಂಟು ಕೇಳುತ್ತದೆ. ಮನೆಯ ಇನ್ವರ್ಟರ್ ಅಲ್ಲೇ ಟ್ರಿಪ್. ಪಂಪು ಬಂದ ವರ್ಷವೇ ಬಾವಿಯ ರಾಟೆ ಬಿಚ್ಚಿ ಕೊಟ್ಟಿಗೆಗೆ ಎಸೆದ ಮನೆಗಳು ಎಷ್ಟಿಲ್ಲ! ಅದನ್ನು ಹುಡುಕಿ ತೆಗೆದು, ಎಣ್ಣೆ ಬಿಟ್ಟು, ಮತ್ತೆ ಕಟ್ಟಿ. ಹಗ್ಗವನ್ನು ಬಾವಿಕಟ್ಟೆಯಲ್ಲಿ ಬಿಸಿಲಿಗೆ ಬಿಡಬೇಡಿ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸೀದು ಬಲ ಕಳೆದುಕೊಳ್ಳುತ್ತದೆ, ನೋಡಲು ಹಾಗೆಯೇ ಇರುತ್ತದೆ. ಉಗುರಿನಲ್ಲಿ ಕೆರೆದಾಗ ಹುಡಿ ಉದುರಿದರೆ ಆ ಹಗ್ಗ ದನ ಕಟ್ಟಲೂ ಬೇಡ. ಒಳಗೆ ಸುತ್ತಿಟ್ಟು, ಪತ್ತನಾಜೆಯ ದಿನ ಹತ್ತು ಕೊಡ ನೀರು ಎತ್ತಿ ನೋಡಿ. ಬಾವಿಗೆ ಬಲೆ ಹಾಕಿದ್ದರೆ ಕೊಡಪಾನ ಇಳಿಯುವಷ್ಟು ಬಾಯಿ ಬಿಟ್ಟು, ಅದಕ್ಕೊಂದು ಮುಚ್ಚಳ ಮಾಡಿಸಿ.

ನಮ್ಮ ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯ ಗುಡ್ಡದ ಮನೆಗಳಿಗೆ ಹಿರಿಯರು ಮುರಕಲ್ಲು ಕೊರೆದು ಮಾಡಿಟ್ಟ ಸುರಂಗ ಇದೆ. ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ನೀರು, ಅದಕ್ಕೆ ಕರೆಂಟು ಬೇಕಿಲ್ಲ, ಡೀಸೆಲ್ ಬೇಕಿಲ್ಲ. ಬೋರ್‌ವೆಲ್ ತೆಗೆಸಿದ ಮೇಲೆ ಅದರ ಬಾಯಿಗೆ ಸೋಗೆ, ಮಣ್ಣು ಬೀಳಲು ಬಿಟ್ಟಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬಾಯಿಯ ಹತ್ತಿರದ ಕಸ ತೆಗೆದು ಪೈಪು ಸರಿಮಾಡಿಸಿ. ಒಳಗೆ ಹೋಗುವ ಕೆಲಸವನ್ನು ಮಾತ್ರ ಅದರಲ್ಲಿ ಪಳಗಿದವರಿಗೆ ಬಿಡಿ, ಅದೂ ಮಳೆಗೆ ಮುಂಚೆ. ಹಳೆಯ ಸುರಂಗದಲ್ಲಿ ಮಣ್ಣು ಕುಸಿಯುವುದೂ ಉಂಟು, ಉಸಿರಾಟಕ್ಕೆ ಗಾಳಿ ಸಾಲದಿರುವುದೂ ಉಂಟು.

ಇಲ್ಲಿ ಗಮನಿಸಬೇಕಾದ್ದು, ಬದಲಿ ಎಂದು ಇಟ್ಟದ್ದೂ ಮೊದಲಿನದ್ದರ ಬೇರಿಗೇ ಜೋತುಬಿದ್ದಿದೆಯೇ ಎಂಬುದು. ಗ್ಯಾಸ್ ಮುಗಿದರೆ ಇಂಡಕ್ಷನ್ ಒಲೆ ಎನ್ನುತ್ತಾರೆ. ಅದು 2000 ವ್ಯಾಟ್, ಕರೆಂಟಿಲ್ಲದ ದಿನ ಅದೂ ಇಲ್ಲ. ಟಾರ್ಚು ಫೋನಿನಲ್ಲಿ, ಫೋನ್ ನಂಬರುಗಳು ಫೋನಿನಲ್ಲಿ, ದುಡ್ಡು ಫೋನಿನಲ್ಲಿ, ಗ್ಯಾಸ್ ಬುಕಿಂಗೂ ಫೋನಿನಲ್ಲಿ. ಫೋನು ಸತ್ತರೆ ನಾಲ್ಕೂ ಒಟ್ಟಿಗೆ ಸತ್ತವು. 100 ಮತ್ತು 50ರ ನೋಟಿನಲ್ಲಿ ಎರಡು ಸಾವಿರ ರೂಪಾಯಿ ಬೇರೆ ತೆಗೆದಿಡಿ. ಅಡುಗೆಮನೆ ಕಪಾಟಿನ ಬಾಗಿಲಿನ ಒಳಬದಿಗೆ ಕೈಬರಹದ ಒಂದು ಕಾಗದ ಅಂಟಿಸಿ: ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿನ ದೂರಿಗೆ 1912, ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲಿನಲ್ಲಿರುವ 13 ಅಂಕಿಯ ಕನ್ಸ್ಯೂಮರ್ ನಂಬರು, ನಿಮ್ಮ ಸೆಕ್ಷನ್ ಆಫೀಸಿನ ಫೋನು, ಮನೆಗೆ ತಂತಿ ಬರುವ ಕಂಬದ ನಂಬರು. ಕಂಬದ ನಂಬರು ಹೇಳಿದರೆ ಲೈನ್‌ಮ್ಯಾನಿಗೆ ತೋಟದೊಳಗೆ ಹುಡುಕುವ ಕಷ್ಟ ತಪ್ಪುತ್ತದೆ. ಕರ್ನಾಟಕದ ಗಡಿಯ ಹತ್ತಿರ ಇರುವವರು ತುರ್ತು ಕರೆಯಲ್ಲಿ ಜಿಲ್ಲೆ, ಪಂಚಾಯತಿನ ಹೆಸರನ್ನು ಮೊದಲು ಹೇಳಿ, ಕಾಯಿಲೆಯ ವಿವರ ಆಮೇಲೆ.

ಸಣ್ಣ ಸಾಮಾನುಗಳು. ಎಮರ್ಜೆನ್ಸಿ ಲೈಟನ್ನು ತಂದ ಪೆಟ್ಟಿಗೆಯಲ್ಲೇ, ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಕಪಾಟಿನಲ್ಲಿ ಜೋಪಾನವಾಗಿ ಇಡುವ ಅಕ್ಕಂದಿರಿದ್ದಾರೆ. ಅವರ ಜೋಪಾನವೇ ಅದನ್ನು ಕೊಲ್ಲುತ್ತದೆ. ಒಳಗಿನ ಬ್ಯಾಟರಿ ಸುಮ್ಮನೆ ಇದ್ದರೂ ಇಳಿಯುತ್ತದೆ, ಪೂರ್ತಿ ಇಳಿದು ತಿಂಗಳುಗಟ್ಟಲೆ ಬಿದ್ದದ್ದು ಮತ್ತೆ ಏಳುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಉರಿಸಿ, ಪೂರ್ತಿ ಚಾರ್ಜ್ ಮಾಡಿ ಪ್ಲಗ್ಗಿನಿಂದ ತೆಗೆಯಿರಿ. ಅಗ್ಗದ ಲೈಟಿನಲ್ಲಿ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ, ಸದಾ ಸಿಕ್ಕಿಸಿಟ್ಟರೆ ಬ್ಯಾಟರಿ ಉಬ್ಬುತ್ತದೆ. ಟಾರ್ಚಿನ ಸೆಲ್ಲನ್ನು ಹೊರಗೆ ತೆಗೆದು ಟಾರ್ಚಿಗೇ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿಡಿ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಹುಡಿ ಕಟ್ಟಿದ್ದರೆ ಹತ್ತಿಗೆ ಎರಡು ಹನಿ ನಿಂಬೆರಸ ಹಾಕಿ ಸ್ಪ್ರಿಂಗನ್ನು ಒರೆಸಿ, ಆಮೇಲೆ ಒಣಬಟ್ಟೆ. ಬೆಂಕಿಪೆಟ್ಟಿಗೆ ಆಟಿಯ ತೇವಕ್ಕೆ ಗೀರದಾಗುತ್ತದೆ, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಇಡಿ. ಪವರ್‌ಬ್ಯಾಂಕಿನ ಜೊತೆ ಅದರ ವಯರನ್ನೂ ಕಟ್ಟಿಡಿ, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. 10000 ಎಂಎಎಚ್ ಎಂದು ಬರೆದ ಪವರ್‌ಬ್ಯಾಂಕಿನಿಂದ 5000 ಎಂಎಎಚ್ ಬ್ಯಾಟರಿಯ ಫೋನು ಎರಡು ಸಲ ತುಂಬುವುದಿಲ್ಲ, ಒಂದು ಸಲ ತುಂಬಿ ಸ್ವಲ್ಪ ಉಳಿಯುತ್ತದೆ.

ತುಂಬಿದ ಸಿಲಿಂಡರ್ ಮನೆಗೆ ಬಂದ ದಿನವೇ ಸೀಲು ತೆಗೆದು, ರೆಗ್ಯುಲೇಟರ್ ಕೂರಿಸಿ, ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವಿನ ಒಳಗಿನ ರಬ್ಬರ್ ರಿಂಗು ಹರಿದಿದ್ದರೆ ಆವತ್ತೇ ಬದಲಾಯಿಸಿ ಕೊಡುತ್ತಾರೆ. ಆರು ವಾರ ಕಳೆದು ರಾತ್ರಿ ಎಂಟಕ್ಕೆ ಗೊತ್ತಾದರೆ ಯಾರನ್ನು ಕರೆಯುತ್ತೀರಿ? ಕೊರಳಪಟ್ಟಿಯ ಒಳಗೆ ಬರೆದಿರುವ ಅಕ್ಷರವನ್ನೂ ಓದಿ. ಬಿ-27 ಎಂದಿದ್ದರೆ ಸಿಲಿಂಡರಿನ ಮುಂದಿನ ಪರೀಕ್ಷೆಯ ಗಡುವು 2027ರ ಜೂನ್. ರಬ್ಬರ್ ಪೈಪಿಗೆ ಐದು ವರ್ಷ.

ಬಾಡಿಗೆ ಜನರೇಟರಿನ ಬಗ್ಗೆ ಗಟ್ಟಿಯಾಗಿ ಹೇಳಬೇಕಾಗಿದೆ. ಎರಡೂ ತುದಿಗೆ ಪ್ಲಗ್ಗು ಇರುವ ವಯರು ಮಾಡಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಸಿಕ್ಕಿಸಿ ಮನೆಯಿಡೀ ಉರಿಸುವವರಿದ್ದಾರೆ. ಮೈನ್ ಆಫ್ ಮಾಡಲು ಮರೆತರೆ ಆ ಕರೆಂಟು ಹೊರಗಿನ ತಂತಿಗೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ 11000 ವೋಲ್ಟಿಗೆ ಏರುತ್ತದೆ. ಮಳೆಯಲ್ಲಿ ಕಂಬ ಹತ್ತಿ ನಿಮ್ಮದೇ ಲೈನು ಸರಿಮಾಡುತ್ತಿರುವ ಮನುಷ್ಯ ಅದರಲ್ಲಿ ಸಾಯಬಹುದು. ಹೊರಗಿನ ಲೈನು, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದಿಲ್ಲದ ಮನೆಗೆ ಜನರೇಟರ್ ಜೋಡಿಸಲು ನಾನು ಒಪ್ಪುವುದಿಲ್ಲ, ನೀವೂ ಯಾರನ್ನೂ ಒತ್ತಾಯಿಸಬೇಡಿ.

ಔಷಧ ನನ್ನ ಕಸುಬಲ್ಲ, ಅದನ್ನು ವೈದ್ಯರನ್ನೇ ಕೇಳಿ. ಆದರೂ ಮನೆ ಮನೆಗೆ ಹೋಗುವವನಾಗಿ ಕಂಡದ್ದು: ನಮ್ಮಲ್ಲಿ ಬಹಳ ಜನರ ಚೀಟಿ ಮಂಗಳೂರಿನದ್ದು, ಮಾತ್ರೆಯೂ ಅಲ್ಲಿಂದಲೇ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಕರ್ನಾಟಕದ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದಾಗ ಆದ ಪಾಡು ಎಲ್ಲರಿಗೂ ನೆನಪಿದೆ. ಮಾತ್ರೆಯ ಹೆಸರಿನ ಜೊತೆ ಅದರೊಳಗಿನ ಮದ್ದಿನ ಹೆಸರನ್ನೂ ಬರೆಸಿಕೊಂಡರೆ ಬದಿಯಡ್ಕದ ಅಂಗಡಿಯಲ್ಲಿ ಬೇರೆ ಕಂಪೆನಿಯದ್ದಾದರೂ ಸಿಗುತ್ತದೆಯೇ ಎಂದು ಕೇಳಬಹುದು. ಹದಿನೈದು ದಿನದ ಮಾತ್ರೆ ಕೈಯಲ್ಲಿರಲಿ, ಹೊಸದು ತಂದಾಗ ಹಳೆಯದನ್ನು ಮೊದಲು ಮುಗಿಸಿ. ಇನ್ಸುಲಿನ್ ಇರುವ ಮನೆಯಲ್ಲಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯದೆ ಬಿಡಿ, ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಫ್ರೀಜರಿಗೆ ಹಾಕುವುದು, ಮಂಜುಗಡ್ಡೆಗೆ ತಾಗಿಸಿಡುವುದು ಎರಡೂ ತಪ್ಪು.

ಇಷ್ಟನ್ನೇ ತುಲಾ ತಿಂಗಳ ಹತ್ತರ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಗೆ, ದೈವಗಳ ತೆಯ್ಯ ಶುರುವಾಗುವ ದಿನಗಳಲ್ಲಿ, ಇನ್ನೊಮ್ಮೆ ಮಾಡಿ. ಆಗ ಸಂಜೆಯ ಗುಡುಗಿನ ಕಾಲ. ಗುಡುಗು ದೂರ ಇರುವಾಗಲೇ ವೈಫೈ ಪೆಟ್ಟಿಗೆಯ, ಟೀವಿಯ ಪ್ಲಗ್ಗು ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಸಂದು ಏನೂ ಅಲ್ಲ.

ಪರೀಕ್ಷೆ ಮುಗಿದ ಮೇಲೆ ಮೈನ್ ಆನ್ ಮಾಡಿ ಬ್ಯಾಟರಿಗೆ ಹತ್ತು ಹನ್ನೆರಡು ಗಂಟೆ ಚಾರ್ಜ್ ಆಗಲು ಬಿಡಿ. ಮತ್ತೊಂದು ಸಣ್ಣ ಕೆಲಸ ಉಳಿದಿರುತ್ತದೆ: ಬ್ಯಾಟರಿಯ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ, ಆವತ್ತಿನ ತಾರೀಕು, ಎಷ್ಟು ಫ್ಯಾನು ಎಷ್ಟು ಬಲ್ಬು ಉರಿದವು, ಮೂರು ಗಂಟೆಯೂ ನಿಂತಿತೇ ಅಥವಾ ಎಷ್ಟು ಹೊತ್ತಿಗೆ ಕೂಗಿತು, ಇಷ್ಟು ಬರೆಯಿರಿ. ಮುಂದಿನ ಪತ್ತನಾಜೆಗೆ ಅಷ್ಟೇ ಫ್ಯಾನು, ಅಷ್ಟೇ ಬಲ್ಬು ಹಾಕಿ. ಹೋದ ಸಲ ಮೂರು ಗಂಟೆ ನಿಂತದ್ದು ಒಂದೂವರೆ ಗಂಟೆಗೆ ಕೂಗಿದರೆ ನೀರು, ಟರ್ಮಿನಲ್ ನೋಡಿಸಿ. ಅವೆರಡೂ ಸರಿಯಿದ್ದರೆ ಹೊಸ ಬ್ಯಾಟರಿಗೆ ಆ ವಾರವೇ ಹೇಳಿ, ಜೂನ್ ಬಂದ ಮೇಲೆ ಬೇಡ.