ಹಾಮಾನನ ಹೆಸರಿಗೆ ಮರದ ಗದ್ದಲ

ಯಹೂದಿಗಳ ಪಂಚಾಂಗದ ಅದಾರ್ ಮಾಸದ 14ನೆಯ ದಿನ ಬರುವ ಪೂರಿಮ್ ಹಬ್ಬದಲ್ಲಿ, ಸಿನಗಾಗ್‌ಗಳಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರಗಳಲ್ಲಿ) ಬೈಬಲಿನ ಎಸ್ತೇರಳ ಗ್ರಂಥವನ್ನು ಸುರುಳಿಯಿಂದ ಗಟ್ಟಿಯಾಗಿ ಓದಲಾಗುತ್ತದೆ. ಪರ್ಷಿಯಾ ಸಾಮ್ರಾಜ್ಯದ ಯಹೂದಿಗಳನ್ನೆಲ್ಲ ಕೊಲ್ಲಿಸಲು ಸಂಚು ಹೂಡಿದ ಮಂತ್ರಿ ಹಾಮಾನನ ಹೆಸರು ಅದರಲ್ಲಿ 54 ಬಾರಿ ಬರುತ್ತದೆ. ಬಂದಾಗಲೆಲ್ಲ ನೆರೆದವರು ಅದು ಕಿವಿಗೆ ಬೀಳದಂತೆ ಗದ್ದಲವೆಬ್ಬಿಸುತ್ತಾರೆ. ಹಾಮಾನನನ್ನು ಯಹೂದಿಗಳ ಪುರಾತನ ಶತ್ರುಕುಲದ ಮೂಲಪುರುಷ ಅಮಾಲೇಕನ ವಂಶದವನೆಂದೂ, ಆ ವಂಶದ ನೆನಪನ್ನೇ ಅಳಿಸಬೇಕೆಂಬುದು ಧರ್ಮಶಾಸ್ತ್ರದ ಆಜ್ಞೆಯೆಂದೂ ನಂಬುವ ಸಂಪ್ರದಾಯವಿದು. ಅವನ ಹೆಸರು ಬರೆದ ಕಲ್ಲು, ಮರದ ತುಂಡುಗಳನ್ನು ಪರಸ್ಪರ ಬಡಿದು ಅಕ್ಷರ ಅಳಿಸುವ ಪದ್ಧತಿಯನ್ನು 16ನೆಯ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್‌ನ ಧರ್ಮಪಂಡಿತ ಮೋಶೆ ಇಸ್ಸೆರ್ಲೆಸ್ ದಾಖಲಿಸಿದ್ದಾರೆ. ಯುರೋಪಿನಲ್ಲಿ ಆ ಕೆಲಸಕ್ಕೆ ಒದಗಿಬಂದ ಮರದ ಯಂತ್ರವೇ, ಪೂರ್ವ ಯುರೋಪಿನ ಯಹೂದಿಗಳ ಮಾತಾದ ಯಿಡ್ಡಿಷ್ ಭಾಷಿಕರ ಗ್ರಾಗರ್.

ಆದರೆ ಇಲ್ಲೊಂದು ತೊಡಕಿದೆ. ಗ್ರಂಥದ ಪ್ರತಿಯೊಂದು ಪದವನ್ನೂ ಕೇಳಿಸಿಕೊಳ್ಳುವುದು ಕೂಡ ಕಡ್ಡಾಯವಾದ್ದರಿಂದ, ಗದ್ದಲ ಅಡಗುವವರೆಗೆ ಓದುವವರು ಕಾಯಲೇಬೇಕು. ಥಟ್ಟನೆ ಎದ್ದು ಥಟ್ಟನೆ ನಿಲ್ಲುವ ಸದ್ದು ಇಲ್ಲಿ ಬೇಕು. ಈ ದೃಷ್ಟಿಯಿಂದ ನೋಡಿದರೆ, ಮಕ್ಕಳ ಆಟಿಕೆಯಂತೆ ಕಾಣುವ ಗ್ರಾಗರ್ ಬಹಳ ಜಾಣತನದ ಸಾಧನ.

ಅದರ ಹಿಡಿಯ ತುದಿಯಲ್ಲಿ ಮರದ ಹಲ್ಲುಗಾಲಿಯೊಂದು ಬಿಗಿಯಾಗಿ ಕೂತಿರುತ್ತದೆ. ಗಾಲಿಯ ಸುತ್ತ ಸಡಿಲವಾಗಿ ತಿರುಗುವ ಚೌಕಟ್ಟಿನ ಒಂದು ಕೊನೆಗೆ ತೆಳುವಾದ ಮರದ ಪಟ್ಟಿಯನ್ನು ಬಿಗಿದಿದ್ದು, ಅದರ ಇನ್ನೊಂದು ತುದಿ ಗಾಲಿಯ ಹಲ್ಲುಗಳ ನಡುವೆ ಇಳಿದಿರುತ್ತದೆ. ಹಿಡಿಯನ್ನು ಬೀಸಿದಾಗ ಚೌಕಟ್ಟು ತನ್ನ ಭಾರದಿಂದಲೇ ಸುತ್ತುತ್ತದೆ. ಹಲ್ಲೊಂದು ಪಟ್ಟಿಯನ್ನು ಮೇಲೆತ್ತಿ ಬಾಗಿಸುತ್ತದೆ, ಬಾಗಿದ ಪಟ್ಟಿಯಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ, ಹಲ್ಲು ದಾಟಿದೊಡನೆ ಪಟ್ಟಿ ಚಿಮ್ಮಿ ಮುಂದಿನ ಹಲ್ಲಿನ ಬುಡಕ್ಕೆ ಫಟ್ಟನೆ ಬಡಿಯುತ್ತದೆ. 12 ಹಲ್ಲುಗಳ ಗಾಲಿಯ ಸುತ್ತ ಚೌಕಟ್ಟು ಸೆಕೆಂಡಿಗೆ 3 ಸುತ್ತು ಬಂದರೆ 36 ಹೊಡೆತಗಳಾಗುತ್ತವೆ. ಸೆಕೆಂಡಿಗೆ ಸುಮಾರು 20ಕ್ಕಿಂತ ಹೆಚ್ಚಿನ ಹೊಡೆತಗಳನ್ನು ನಮ್ಮ ಕಿವಿ ಒಂದೊಂದಾಗಿ ಎಣಿಸಲಾರದು. ಅವು ಬೆಸೆದುಕೊಂಡು ಒಂದೇ ಗರಗರ ಸದ್ದಾಗಿ ಕೇಳಿಸುತ್ತವೆ. ಅತಿ ಚುಟುಕಾದ ಹೊಡೆತದಲ್ಲಿ ತಗ್ಗಿನಿಂದ ಹೆಚ್ಚಿನವರೆಗಿನ ಅನೇಕ ಆವರ್ತನಗಳು ಒಟ್ಟಿಗೆ ಹೊಮ್ಮುವುದರಿಂದಲೇ, ಮಾತಿನ ಆವರ್ತನಗಳನ್ನು ಅದು ಅಷ್ಟು ಸಲೀಸಾಗಿ ಮುಚ್ಚಿಹಾಕುತ್ತದೆ.

ಇನ್ನು ನಿಲ್ಲುವ ಗುಣ. ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿದರೆ ನಾದ ಸೆಕೆಂಡುಗಟ್ಟಲೆ ಉಳಿಯುತ್ತದೆ. ಮರದ ನಾರುಗಳ ಒಳಗಿನ ಘರ್ಷಣೆ ಲೋಹದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಕಂಪನದ ಶಕ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಶಾಖವಾಗಿ ಕರಗಿಹೋಗುತ್ತದೆ. ಕೈ ನಿಂತರೆ ಸದ್ದೂ ನಿಂತಿತು. (ಮಕ್ಕಳ ಕೈ ನಿಲ್ಲಿಸುವುದು ಭೌತಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.)

ಕೈಯಿಂದ ಕೆತ್ತುವವರಿಗೆ ಮುಖ್ಯ ಪ್ರಶ್ನೆ ಪಟ್ಟಿಯದು. ಅದರ ಉದ್ದಕ್ಕೂ ಮರದ ನಾರು ಸಾಗಿರಬೇಕು. ಅಡ್ಡನಾರಿನ ಪಟ್ಟಿ ಬಾಗುವ ಮೊದಲೇ ಮುರಿಯುತ್ತದೆ. ತೀರ ತೆಳುವಾದರೆ ಸದ್ದಿಗೆ ಬಲವಿಲ್ಲ, ದಪ್ಪವಾದರೆ ಗಾಲಿ ತಿರುಗುವುದಿಲ್ಲ. ಹೆಚ್ಚು ಬಳಸಿದ ಗಾಲಿಯಲ್ಲಿ ಪಟ್ಟಿ ಉಜ್ಜುವ ಕಡೆಯ ಹಲ್ಲಿನ ಅಂಚು ದುಂಡಗಾಗುವುದರಿಂದ, ಹಳೆಯ ಗ್ರಾಗರನ್ನು ಯಾವ ದಿಕ್ಕಿಗೆ ಬೀಸುತ್ತಿದ್ದರೆಂಬುದನ್ನು ಆ ಸವೆತದಿಂದಲೇ ಊಹಿಸಬಹುದು.

ಈ ರಚನೆ ಯಹೂದಿಗಳಿಗಷ್ಟೇ ಸೀಮಿತವಲ್ಲ. ಯುರೋಪಿನ ರೈತರು ಹಕ್ಕಿ ಓಡಿಸಲು, ಕ್ಯಾಥೊಲಿಕರು ಗುಡ್ ಫ್ರೈಡೇ ಹೊತ್ತಿಗೆ ಮೌನವಾಗುವ ಗಂಟೆಗಳ ಬದಲಿಗೆ ಇದನ್ನೇ ಬಳಸಿದರು; ಲಂಡನ್ ಪೊಲೀಸರ ಕೈಯಲ್ಲಿದ್ದ ಇಂಥ ಗಿರಕಿಯ ಜಾಗಕ್ಕೆ 1880ರ ದಶಕದಲ್ಲಿ ಸೀಟಿ ಬಂತು. ಪೂರಿಮ್ ಹಬ್ಬಕ್ಕೂ 20ನೆಯ ಶತಮಾನದಲ್ಲಿ ಅಗ್ಗದ ತಗಡಿನ ಗ್ರಾಗರ್‌ಗಳು ಬಂದವು, ಆಮೇಲೆ ಪ್ಲಾಸ್ಟಿಕ್ಕಿನವು.